ಕೋಷ್ಟಕದ ಕಂಬಸಾಲು: ಅಚ್ಚಿನ ಮನೆಯ ಕೆಲಸವೋ, ಸಂಶೋಧಕರ ಹೊಣೆಯೋ?

ಸಂಶೋಧನ ಪ್ರಬಂಧದ ಅಧ್ಯಾಯವೊಂದು ಅಕ್ಷರಜೋಡಣೆಗೊಂಡು ಕೈಸೇರಿದಾಗ ನಾವು ಮೊದಲು ನೋಡುವುದು ಅದರ ಗದ್ಯಭಾಗವನ್ನು. ಕಾಗುಣಿತ, ಒತ್ತಕ್ಷರ, ಉದ್ಧರಣ ಚಿಹ್ನೆ, ಅಡಿಟಿಪ್ಪಣಿಯ ಸಂಖ್ಯೆ ಮುಂತಾದವನ್ನು ತಿದ್ದುತ್ತಾ ಹೋಗಿ, ಕೋಷ್ಟಕವಿರುವ ಪುಟ ಬಂದೊಡನೆ ಮೇಲುನೋಟದಲ್ಲಿ ದಾಟಿಬಿಡುತ್ತೇವೆ. ಅಲ್ಲಿರುವುದು ನಾವೇ ಬರೆದುಕೊಟ್ಟ ಪಟ್ಟಿ ತಾನೇ ಎಂಬ ನಂಬಿಕೆ ಇದಕ್ಕೆ ಕಾರಣ. ಈ ನಂಬಿಕೆ ಎಷ್ಟು ದುಬಾರಿಯಾದುದು ಎಂಬುದನ್ನು ನಾನು ಕಲಿತದ್ದು ನನ್ನದೇ ಪ್ರಬಂಧದ ಒಂದು ಪುಟದಿಂದ.

ಷಟ್ಪದಿ ಕಾವ್ಯವೊಂದರ ನಾಲ್ಕು ಹಸ್ತಪ್ರತಿಗಳನ್ನು ಹೋಲಿಸಿ, ಅವುಗಳ ಪಾಠಾಂತರಗಳನ್ನು ಕೋಷ್ಟಕವಾಗಿ ಸಿದ್ಧಪಡಿಸಿದ್ದೆ. ಪದ್ಯದ ಸಂಖ್ಯೆ, ಸ್ವೀಕೃತ ಪಾಠ, ಪಾಠಾಂತರ, ಪ್ರತಿಸಂಕೇತ ಎಂದು ನಾಲ್ಕು ಕಂಬಸಾಲುಗಳು. ಪ್ರತಿಗಳಿಗೆ ವಾಡಿಕೆಯಂತೆ ಕ, ಖ, ಗ, ಘ ಎಂಬ ಸಂಕೇತಗಳು. ಅಚ್ಚಾಗಿ ಬಂದ ಅಧ್ಯಾಯವನ್ನು ಓದಿದ ನನ್ನ ಮಾರ್ಗದರ್ಶಕರು, "ಖ ಮತ್ತು ಘ ಪ್ರತಿಗಳು ಬೇರೆ ಬೇರೆ ಶಾಖೆಗೆ ಸೇರಿದವು ಎಂದು ಬರೆದಿದ್ದೀರಿ. ಆದರೆ ನಿಮ್ಮ ಕೋಷ್ಟಕದಲ್ಲಿ ಒಂದೇ ಪುಟದಲ್ಲಿ ಎರಡಕ್ಕೂ ಐದು ಸಮಾನ ದೋಷಗಳಿವೆಯಲ್ಲ, ಇದಕ್ಕೇನು ಹೇಳುತ್ತೀರಿ?" ಎಂದು ಕೇಳಿದರು. ಹಸ್ತಪ್ರತಿಗಳ ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದರೆ ಅಂಥ ಸಮಾನ ದೋಷಗಳು ಇರಲೇ ಇಲ್ಲ. ಅಕ್ಷರಜೋಡಣೆಯವರು ಒಂದು ಪುಟದ ಪಾಠಾಂತರಗಳನ್ನೆಲ್ಲ ಒಂದೇ ಉದ್ದನೆಯ ಕೋಶದಲ್ಲಿ ಒಂದರ ಕೆಳಗೊಂದರಂತೆ ಟೈಪು ಮಾಡಿ, ಪ್ರತಿಸಂಕೇತಗಳನ್ನೆಲ್ಲ ಪಕ್ಕದ ಇನ್ನೊಂದು ಕೋಶದಲ್ಲಿ ಹಾಗೆಯೇ ಜೋಡಿಸಿದ್ದರು. ಹಳೆಯ ಫಾಂಟಿನಿಂದ ಯೂನಿಕೋಡ್ ಫಾಂಟಿಗೆ ಪರಿವರ್ತಿಸಿದಾಗ ಅಕ್ಷರಗಳ ಅಗಲ ಬದಲಾಗಿ, ಪುಟದ ಮೇಲ್ಭಾಗದ ಒಂದು ಪಾಠಾಂತರವು ಎರಡು ಸಾಲಿಗೆ ಹರಿದಿತ್ತು. ಅಲ್ಲಿಂದ ಮುಂದೆ ಪುಟದ ಕೊನೆಯವರೆಗೆ ಪ್ರತಿಯೊಂದು ಪಾಠವೂ ತನ್ನ ಪ್ರತಿಸಂಕೇತದಿಂದ ಒಂದು ಸಾಲು ಕೆಳಗೆ ಜಾರಿತ್ತು. ಒಂದಕ್ಷರವೂ ತಪ್ಪಾಗಿರಲಿಲ್ಲ, ಆದರೆ ಇಡೀ ಪುಟವೇ ಸುಳ್ಳಾಗಿತ್ತು.

ಗ್ರಂಥಸಂಪಾದನೆಯಲ್ಲಿ ಸಮಾನ ದೋಷಗಳಿಗೆ ಇರುವ ಮಹತ್ವವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿ ಈ ಕ್ಷೇತ್ರಕ್ಕೆ ಬಂದ ನಮಗೆಲ್ಲ, ಪ್ರತಿಗಳ ವಂಶವೃಕ್ಷವು ಇಂಥ ದೋಷಗಳ ಹಂಚಿಕೆಯ ಮೇಲೆಯೇ ನಿಲ್ಲುತ್ತದೆಂಬುದು ತಿಳಿದೇ ಇದೆ. ಹೀಗಿರುವಾಗ, ಯಾವ ಪಾಠವು ಯಾವ ಪ್ರತಿಯದು ಎಂಬುದನ್ನು ಹಿಡಿದು ನಿಲ್ಲಿಸುವ ಕಂಬಸಾಲಿನ ರಚನೆಯನ್ನು ನಾವು ಅಚ್ಚಿನ ಮನೆಗೆ ಬಿಟ್ಟುಕೊಟ್ಟಿದ್ದೇವೆ. ಕೋಷ್ಟಕದ ಕಂಬಸಾಲನ್ನು ರೂಪಿಸುವುದು ಸಂಶೋಧನೆಯ ಒಂದು ಭಾಗ, ಅದರ ಹೊಣೆ ಸಂಶೋಧಕರದೇ ಎಂಬುದು ಈ ಬರಹದ ವಾದ. ಈ ಹೊಣೆಯನ್ನು ನಿರ್ವಹಿಸಲು ಲೇಟೆಕ್ ಎಂಬ ಅಕ್ಷರಜೋಡಣೆಯ ಗುರುತುಭಾಷೆಯು ಹೇಗೆ ನೆರವಾಗಬಲ್ಲದು, ಕನ್ನಡಕ್ಕೆ ಅದನ್ನು ಒಗ್ಗಿಸುವಾಗ ಎದುರಾಗುವ ತೊಡಕುಗಳೇನು ಎಂಬುದನ್ನು ನನ್ನ ಅನುಭವದ ಮಿತಿಯಲ್ಲಿ ಇಲ್ಲಿ ಚರ್ಚಿಸಿದ್ದೇನೆ.

1. ಗುರುತುಭಾಷೆ ಎಂದರೇನು?

ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ನೂತ್ ಅವರು ತಮ್ಮ ಗ್ರಂಥದ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚನ್ನು ನೋಡಿ, ಅದರ ಅಕ್ಷರಜೋಡಣೆಯಿಂದ ತೃಪ್ತರಾಗದೆ, 1977ರಲ್ಲಿ ಟೆಕ್ ಎಂಬ ವ್ಯವಸ್ಥೆಯನ್ನು ರೂಪಿಸಲು ತೊಡಗಿದರು. ಲೇಖಕನೊಬ್ಬನು ತನ್ನ ಪುಸ್ತಕದ ಅಚ್ಚಿನ ಹೊಣೆಯನ್ನು ತಾನೇ ವಹಿಸಿಕೊಂಡ ಪ್ರಸಂಗವಿದು ಎಂಬುದು ನಮ್ಮ ಚರ್ಚೆಗೆ ಮುಖ್ಯವಾದ ಸಂಗತಿ. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಇದರ ಮೇಲೆ ಕಟ್ಟಿದ, ಬಳಕೆಗೆ ಸುಲಭವಾದ ರೂಪವೇ ಲೇಟೆಕ್. ಇದರಲ್ಲಿ ಬರಹಗಾರನು ಪುಟವನ್ನು ಕಣ್ಣಳತೆಯಿಂದ ಹೊಂದಿಸುವುದಿಲ್ಲ. ಇದು ಅಧ್ಯಾಯದ ಶೀರ್ಷಿಕೆ, ಇದು ಉದ್ಧರಣೆ, ಇದು ಕೋಷ್ಟಕ ಎಂದು ಸಾದಾ ಪಠ್ಯದ ನಡುವೆ ಗುರುತುಗಳನ್ನು ಬರೆಯುತ್ತಾನೆ. ಆ ಗುರುತುಗಳನ್ನು ಓದಿ ಪುಟವನ್ನು ಕಟ್ಟುವುದು ಯಂತ್ರದ ಕೆಲಸ.

ಬಹುಕಾಲ ಈ ವ್ಯವಸ್ಥೆಯಲ್ಲಿ ಕನ್ನಡವನ್ನು ಬಳಸುವುದು ಸುಲಭವಾಗಿರಲಿಲ್ಲ. ಕನ್ನಡದ ಸಂಯುಕ್ತಾಕ್ಷರಗಳನ್ನು ಅದು ತಾನಾಗಿ ಕಟ್ಟಲಾರದಾಗಿದ್ದರಿಂದ, ರೋಮನ್ ಲಿಪ್ಯಂತರದಲ್ಲಿ ಬರೆದ ಪಠ್ಯವನ್ನು ಬೇರೊಂದು ತಂತ್ರಾಂಶದ ಮೂಲಕ ಹಾಯಿಸಿ ಬಳಸಬೇಕಿತ್ತು. 2004ರಲ್ಲಿ ಜೊನಾಥನ್ ಕ್ಯೂ ಅವರು ಹೊರತಂದ ಝೀಟೆಕ್ ಎಂಬ ರೂಪವು ಯೂನಿಕೋಡ್ ಪಠ್ಯವನ್ನು ನೇರವಾಗಿ ಸ್ವೀಕರಿಸುವುದರಿಂದ ಈ ತೊಡಕು ನಿವಾರಣೆಯಾಗಿದೆ. ಇಂದು ನಾವು ಕನ್ನಡದಲ್ಲಿಯೇ ಟೈಪು ಮಾಡಿ, ನೋಟೊ ಸೆರಿಫ್ ಕನ್ನಡದಂತಹ ಯಾವುದೇ ಯೂನಿಕೋಡ್ ಫಾಂಟಿನಲ್ಲಿ ಪುಟ ಕಟ್ಟಬಹುದು. ಆದ್ದರಿಂದ ಕನ್ನಡ ಸಂಶೋಧಕರಿಗೆ ಇದು ಪರಕೀಯವಾದ ಸಾಧನವೆಂದು ದೂರವಿಡುವ ಕಾರಣ ಈಗ ಉಳಿದಿಲ್ಲ.

2. ಕಂಬಸಾಲು ಒಂದು ಘೋಷಣೆ

ಲೇಟೆಕ್‌ನಲ್ಲಿ ಕೋಷ್ಟಕವನ್ನು ಬರೆಯುವ ಕ್ರಮವನ್ನು ಗಮನಿಸಬೇಕು. ಕೋಷ್ಟಕದ ಒಂದೇ ಒಂದು ಪದವನ್ನು ಬರೆಯುವುದಕ್ಕೂ ಮೊದಲು, ಅದರಲ್ಲಿ ಎಷ್ಟು ಕಂಬಸಾಲುಗಳಿವೆ, ಪ್ರತಿಯೊಂದರ ಸ್ವಭಾವವೇನು ಎಂಬುದನ್ನು ಮೊದಲ ಸಾಲಿನಲ್ಲಿಯೇ ಘೋಷಿಸಬೇಕಾಗುತ್ತದೆ. ಇದಕ್ಕೆ ಕೆಲವು ಏಕಾಕ್ಷರ ಸಂಕೇತಗಳಿವೆ. 'ಎಲ್' ಎಂದರೆ ಎಡಕ್ಕೆ ಹೊಂದಿದ, 'ಸಿ' ಎಂದರೆ ನಡುವಿಗೆ ಹೊಂದಿದ, 'ಆರ್' ಎಂದರೆ ಬಲಕ್ಕೆ ಹೊಂದಿದ ಕಂಬಸಾಲು. ಈ ಮೂರರಲ್ಲಿಯೂ ಕೋಶದ ಬರಹ ಒಂದೇ ಸಾಲಿನಲ್ಲಿರುತ್ತದೆ. ಎಷ್ಟೇ ಉದ್ದವಾದರೂ ಮುರಿಯುವುದಿಲ್ಲ. 'ಪಿ' ಎಂಬ ನಾಲ್ಕನೆಯ ಬಗೆಗೆ ನಿರ್ದಿಷ್ಟ ಅಗಲವನ್ನು ಕೊಡಬೇಕು. ಆ ಅಗಲದೊಳಗೆ ಬರಹವು ಹಲವು ಸಾಲುಗಳಾಗಿ ಹರಿಯುತ್ತದೆ.

ಘೋಷಣೆಯ ನಂತರ ಅಡ್ಡಸಾಲುಗಳನ್ನು ಒಂದೊಂದಾಗಿ ಬರೆಯಲಾಗುತ್ತದೆ. ಕೋಶಕ್ಕೂ ಕೋಶಕ್ಕೂ ನಡುವೆ ಆಂಪರ್ಸ್ಯಾಂಡ್ ಚಿಹ್ನೆ, ಅಡ್ಡಸಾಲು ಮುಗಿದಲ್ಲಿ ಎರಡು ಹಿಮ್ಮುಖ ಓರೆಗೆರೆ. ಪದ್ಯದ ಸಂಖ್ಯೆ, ಅದರ ಸ್ವೀಕೃತ ಪಾಠ, ಪಾಠಾಂತರ, ಪ್ರತಿಸಂಕೇತ ಈ ನಾಲ್ಕೂ ಮೂಲ ಕಡತದಲ್ಲಿಯೇ ಒಟ್ಟಿಗೆ ಕಟ್ಟಲ್ಪಟ್ಟಿರುತ್ತವೆ. ಫಾಂಟು ಬದಲಾಗಲಿ, ಪುಟದ ಅಗಲ ಬದಲಾಗಲಿ, ಪಾಠಾಂತರವು ಮೂರು ಸಾಲಿಗೆ ಹರಿಯಲಿ, ಪ್ರತಿಸಂಕೇತವು ತನ್ನ ಪಾಠವನ್ನು ಬಿಟ್ಟು ಜಾರುವ ಸಂಭವವಿಲ್ಲ. ನನ್ನ ಅಧ್ಯಾಯದಲ್ಲಿ ನಡೆದ ಅಚಾತುರ್ಯವು ಈ ಕ್ರಮದಲ್ಲಿ ನಡೆಯುವಂತೆಯೇ ಇರಲಿಲ್ಲ.

ಹಾಗೆಂದು ಯಂತ್ರವು ಎಲ್ಲ ತಪ್ಪುಗಳನ್ನೂ ಹಿಡಿಯುತ್ತದೆಂದು ಭಾವಿಸಬಾರದು. ಘೋಷಿಸಿದ್ದಕ್ಕಿಂತ ಒಂದು ಕೋಶ ಹೆಚ್ಚಾದರೆ ಲೇಟೆಕ್ ಅಲ್ಲಿಯೇ ನಿಂತು ದೋಷವನ್ನು ತಿಳಿಸುತ್ತದೆ. ಒಂದು ಕೋಶ ಕಡಿಮೆಯಾದರೆ ಏನನ್ನೂ ಹೇಳದೆ ಕೊನೆಯ ಕೋಶವನ್ನು ಖಾಲಿ ಬಿಟ್ಟು ಮುಂದುವರಿಯುತ್ತದೆ. ಕರಡು ತಿದ್ದುವವರು ಖಾಲಿ ಕೋಶಗಳನ್ನು ವಿಶೇಷವಾಗಿ ಗಮನಿಸಬೇಕಾದುದು ಇದರಿಂದ ಅನಿವಾರ್ಯ. ಪ್ರತಿಯಲ್ಲಿ ಆ ಭಾಗ ಲುಪ್ತವಾಗಿದ್ದರೆ ಕೋಶವನ್ನು ಖಾಲಿ ಬಿಡದೆ, 'ಲುಪ್ತ' ಎಂದೇ ಬರೆಯುವ ನಿಯಮವನ್ನು ನಾನು ಪಾಲಿಸುತ್ತಿದ್ದೇನೆ. ಆಗ ಖಾಲಿ ಕೋಶವೆಂದರೆ ನನ್ನ ತಪ್ಪು ಎಂದೇ ಅರ್ಥ.

ಹಲವು ಸಾಲುಗಳ ಕೋಶಗಳಿದ್ದಾಗ ಅವು ಪಕ್ಕದ ಕೋಶಗಳೊಡನೆ ಎಲ್ಲಿ ಸಂಧಿಸಬೇಕೆಂಬುದೂ ಘೋಷಣೆಯ ವಿಷಯವೇ. 'ಪಿ' ಬಗೆಯಲ್ಲಿ ಮೊದಲ ಸಾಲುಗಳು ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಅರೇ ಎಂಬ ಪೂರಕ ಪ್ಯಾಕೇಜನ್ನು ಸೇರಿಸಿಕೊಂಡರೆ ನಡುಮಟ್ಟಕ್ಕೆ ಹೊಂದಿಸುವ 'ಎಂ', ಕೊನೆಯ ಸಾಲಿಗೆ ಹೊಂದಿಸುವ 'ಬಿ' ಎಂಬ ಬಗೆಗಳೂ ದೊರೆಯುತ್ತವೆ. ನಡುಮಟ್ಟದ ಹೊಂದಿಕೆ ಕಣ್ಣಿಗೆ ಅಂದವಾಗಿ ಕಾಣಬಹುದು. ಆದರೆ ಮೂರು ಸಾಲಿನ ಪಾಠಾಂತರದ ಎರಡನೆಯ ಸಾಲಿನ ಎದುರು 'ಗ' ಎಂದು ನಿಂತರೆ, ಆ ಸಂಕೇತ ಇಡೀ ಪಾಠಕ್ಕೆ ಸೇರಿದ್ದೋ ಆ ಸಾಲಿಗೆ ಮಾತ್ರವೋ ಎಂಬ ಸಂದೇಹ ಹುಟ್ಟುತ್ತದೆ. ಪಾಠಾಂತರದ ಕೋಷ್ಟಕಕ್ಕೆ ಮೊದಲ ಸಾಲಿನ ಹೊಂದಿಕೆಯೇ ತಕ್ಕುದು. ಅಂದಚೆಂದದ ವಿಷಯವೆಂದು ನಾವು ತಿಳಿದದ್ದು ಇಲ್ಲಿ ಅರ್ಥದ ವಿಷಯವಾಗಿ ಪರಿಣಮಿಸುತ್ತದೆ.

3. ಕನ್ನಡದ ಎರಡು ತೊಡಕುಗಳು

ಲೇಟೆಕ್‌ನ ಕೋಷ್ಟಕವು ರೋಮನ್ ಲಿಪಿಯ ಅಳತೆಗಳನ್ನು ಮನಸ್ಸಿನಲ್ಲಿಟ್ಟು ರೂಪಿತವಾದದ್ದು. ಕನ್ನಡಕ್ಕೆ ಅದನ್ನು ಒಗ್ಗಿಸುವಾಗ ಎರಡು ಕಡೆ ಎಚ್ಚರ ಬೇಕು.

ಮೊದಲನೆಯದು ಒತ್ತಕ್ಷರಗಳ ಆಳ. ಕೋಷ್ಟಕದ ಪ್ರತಿ ಅಡ್ಡಸಾಲಿಗೂ ಲೇಟೆಕ್ ಕಣ್ಣಿಗೆ ಕಾಣದ ಒಂದು ಊರುಗೋಲನ್ನು ಇಡುತ್ತದೆ. ಸಾಲಂತರದ ನೂರಕ್ಕೆ 70 ಭಾಗ ಆಧಾರರೇಖೆಯ ಮೇಲೂ, 30 ಭಾಗ ಕೆಳಗೂ ಇರುವಂತೆ ಅದರ ಅಳತೆ ನಿಗದಿಯಾಗಿದೆ. ರೋಮನ್ ಲಿಪಿಯಲ್ಲಿ ಆಧಾರರೇಖೆಯ ಕೆಳಗೆ ಇಳಿಯುವ ಕೆಲವೇ ಅಕ್ಷರಗಳ ಬಾಲಗಳಿಗೆ ಇಷ್ಟು ಜಾಗ ಸಾಕು. ಆದರೆ 'ರಾಷ್ಟ್ರ', 'ಶಾಸ್ತ್ರ', 'ಸ್ತ್ರೀ' ಎಂಬಂಥ ಪದಗಳಲ್ಲಿ ಒತ್ತುಗಳು ಆ 30 ಭಾಗವನ್ನೂ ಮೀರಿ ಇಳಿಯಬಹುದು. ಆಗ ಅಡ್ಡಸಾಲು ಆ ಪದಕ್ಕೆ ಬೇಕಾದಷ್ಟೇ ಹಿಗ್ಗುತ್ತದೆ. ಒತ್ತು ಕೆಳಗಿನ ಗೆರೆಗೆ ತಗುಲಿಕೊಂಡು ನಿಲ್ಲುತ್ತದೆ. ಒತ್ತಿಲ್ಲದ ಸಾಲುಗಳು ಹಿಂದಿನ ಅಳತೆಯಲ್ಲಿಯೇ ಉಳಿದು ಕೋಷ್ಟಕ ಏರುಪೇರಾಗುತ್ತದೆ. ಅಡ್ಡಸಾಲಿನ ಎತ್ತರವನ್ನು ಹೆಚ್ಚಿಸಲು ಎರಡು ಉಪಾಯಗಳಿವೆ. ಅರೇ ಪ್ಯಾಕೇಜಿನಲ್ಲಿರುವ ಅಳತೆಯೊಂದು ಊರುಗೋಲಿನ ಮೇಲ್ಭಾಗವನ್ನಷ್ಟೇ ಎತ್ತರಿಸುತ್ತದೆ. ದೀರ್ಘ, ಗುಡಿಸು ಇರುವ ಅಕ್ಷರಗಳಿಗೆ ಇದರಿಂದ ಉಸಿರಾಡಲು ಜಾಗ ಸಿಗುತ್ತದೆಯೇ ಹೊರತು ಒತ್ತಕ್ಷರಕ್ಕೆ ಪ್ರಯೋಜನವಿಲ್ಲ. ಅರೇಸ್ಟ್ರೆಚ್ ಎಂಬ ಗುಣಕವು ಮೇಲು ಕೆಳಗು ಎರಡನ್ನೂ ಹಿಗ್ಗಿಸುವುದರಿಂದ ಕನ್ನಡಕ್ಕೆ ಅದೇ ಉಚಿತ. ಗುಣಕ ಎಷ್ಟಿರಬೇಕೆಂಬುದು ಫಾಂಟನ್ನು ಅವಲಂಬಿಸಿರುವುದರಿಂದ, ಕೋಷ್ಟಕದಲ್ಲಿರುವ ಅತಿ ಆಳದ ಒತ್ತಕ್ಷರವನ್ನು ಇಟ್ಟುಕೊಂಡು ಒಮ್ಮೆ ಪರೀಕ್ಷಿಸಿ ನಿಗದಿಪಡಿಸಿಕೊಳ್ಳುವುದು ಒಳ್ಳೆಯದು. ಬುಕ್‌ಟ್ಯಾಬ್ಸ್ ಎಂಬ ಪ್ಯಾಕೇಜು ಗೆರೆಗಳ ಮೇಲೂ ಕೆಳಗೂ ಜಾಗ ಬಿಡುತ್ತದೆ, ಲಂಬವಾದ ಗೆರೆಗಳನ್ನು ಬಳಸಬಾರದೆಂದು ಸಲಹೆ ಮಾಡುತ್ತದೆ. ಕೋಶಕೋಶಕ್ಕೂ ಪಂಜರ ಕಟ್ಟುವ ನಮ್ಮ ಅಭ್ಯಾಸಕ್ಕೆ ಇದು ವಿರುದ್ಧವಾದರೂ ಕನ್ನಡ ಲಿಪಿಗೆ ಹಿತವಾದದ್ದೆಂದು ನನ್ನ ಅನಿಸಿಕೆ.

ಎರಡನೆಯ ತೊಡಕು ಪದಗಳ ಉದ್ದ. ಪ್ರತ್ಯಯಗಳು ಒಂದರ ಮೇಲೊಂದು ಸೇರುವ, ಸಂಧಿಯಿಂದ ಪದಗಳು ಬೆಸೆದುಕೊಳ್ಳುವ ನಮ್ಮ ಭಾಷೆಯಲ್ಲಿ ಒಂದೇ ಪದವು ಕಿರಿದಾದ ಕಂಬಸಾಲಿನ ಅಗಲವನ್ನು ಮೀರುವುದು ಸಾಮಾನ್ಯ. 'ಪಿ' ಬಗೆಯ ಕಂಬಸಾಲು ಎರಡೂ ಅಂಚುಗಳನ್ನು ಸಮಮಾಡಲು ಯತ್ನಿಸುವುದರಿಂದ ಪದಗಳ ನಡುವೆ ಹಳ್ಳಗಳು ಬೀಳುತ್ತವೆ. ಹಾಗೂ ಹೊಂದದಿದ್ದರೆ ಪದವು ಪಕ್ಕದ ಕಂಬಸಾಲಿನ ಮೇಲೆ ಏರಿಬಿಡುತ್ತದೆ. ಇದಕ್ಕೆ ಪರಿಹಾರವಾಗಿ ಕಂಬಸಾಲನ್ನು ಎಡ ಅಂಚಿಗೆ ಮಾತ್ರ ಹೊಂದಿಸಿ ಬಲ ಅಂಚನ್ನು ಸಡಿಲ ಬಿಡಬಹುದು. ಅರೇ ಪ್ಯಾಕೇಜಿನಲ್ಲಿ ಈ ಆದೇಶವನ್ನು ಘೋಷಣೆಯ ಸಾಲಿನಲ್ಲಿಯೇ ಆಯಾ ಕಂಬಸಾಲಿನ ಸಂಕೇತದ ಹಿಂದೆ ಬರೆದರೆ, ಆ ಕಂಬಸಾಲಿನ ಎಲ್ಲ ಕೋಶಗಳಿಗೂ ಅದು ಅನ್ವಯವಾಗುತ್ತದೆ. ಆದರೆ ಎಡಹೊಂದಿಕೆಯ ಆದೇಶವು ಅಡ್ಡಸಾಲು ಮುಗಿಸುವ ಓರೆಗೆರೆಗಳ ಅರ್ಥವನ್ನೇ ಬದಲಿಸಿಬಿಡುವುದರಿಂದ, ಕೊನೆಯ ಕಂಬಸಾಲಿನಲ್ಲಿ ಅದನ್ನು ಬಳಸುವಾಗ ಓರೆಗೆರೆಗೆ ಮೊದಲಿನ ಅರ್ಥವನ್ನು ಮರಳಿಸುವ ಇನ್ನೊಂದು ಆದೇಶವನ್ನೂ ಜೊತೆಗೆ ಬರೆಯಬೇಕು. ಹೊಸಬರು ಮೊದಲು ಎಡವುವುದು ಇಲ್ಲಿಯೇ.

ಪದವನ್ನು ಸಾಲಿನ ಕೊನೆಯಲ್ಲಿ ಮುರಿಯುವ ಕನ್ನಡದ ನಿಯಮಗಳು ಟೆಕ್‌ನ ವಿತರಣೆಯಲ್ಲಿಯೇ ಸೇರಿವೆ. ಪಠ್ಯದ ಭಾಷೆ ಕನ್ನಡವೆಂದು ಸೂಚಿಸಿದರೆ ಅವು ಜಾರಿಗೆ ಬರುತ್ತವೆ. ಆದರೆ ಝೀಟೆಕ್‌ನಲ್ಲಿ ಪರಿಚ್ಛೇದದ ಮೊದಲ ಪದವು ಮುರಿಯುವುದಿಲ್ಲ. ಗದ್ಯದಲ್ಲಿ ಇದು ನಮ್ಮ ಗಮನಕ್ಕೇ ಬರುವುದಿಲ್ಲ. ಕೋಷ್ಟಕದಲ್ಲಿ ಹಾಗಲ್ಲ, ಪ್ರತಿ ಕೋಶವೂ ಒಂದು ಪರಿಚ್ಛೇದ, ಎಷ್ಟೋ ಕೋಶಗಳಲ್ಲಿ ಇರುವುದೇ ಒಂದು ಪದ. ಘೋಷಣೆಯಲ್ಲಿ ಸೊನ್ನೆ ಅಗಲದ ಒಂದು ತೆರಪನ್ನು ಕೋಶದ ಆರಂಭಕ್ಕೆ ಸೇರಿಸಿದರೆ, ಯಂತ್ರದ ದೃಷ್ಟಿಯಲ್ಲಿ ಆ ಪದವು ಮೊದಲ ಪದವಾಗಿ ಉಳಿಯದೆ ಮುರಿಯಲು ಅರ್ಹವಾಗುತ್ತದೆ.

ಎಲ್ಲ ಕಂಬಸಾಲುಗಳಲ್ಲಿಯೂ ಪದವನ್ನು ಮುರಿಯಲು ಬಿಡಬಹುದೇ ಎಂಬುದು ಮುಂದಿನ ಪ್ರಶ್ನೆ. ನನ್ನ ಕೋಷ್ಟಕದ 'ಟಿಪ್ಪಣಿ' ಎಂಬ ಕಂಬಸಾಲಿನಲ್ಲಿ ಪದಗಳು ಮುರಿದರೆ ಯಾವ ಹಾನಿಯೂ ಇಲ್ಲ. ಪಾಠಾಂತರದ ಕಂಬಸಾಲಿನಲ್ಲಿ ಪದ ಮುರಿದು ಅಡ್ಡಗೆರೆ ಬಿದ್ದರೆ, ಅದು ಯಂತ್ರ ಹಾಕಿದ ಗೆರೆಯೋ, ಪದಚ್ಛೇದಕ್ಕಾಗಿ ಸಂಪಾದಕರು ಹಾಕಿದ ಗೆರೆಯೋ ತಿಳಿಯುವುದಿಲ್ಲ. ಱಕಾರ ರಕಾರಗಳ, ೞಕಾರ ಳಕಾರಗಳ ವ್ಯತ್ಯಾಸವನ್ನೂ ಬಿಡದೆ ದಾಖಲಿಸುವ ಕಂಬಸಾಲಿನಲ್ಲಿ ಇಂಥ ಸಂದಿಗ್ಧಕ್ಕೆ ಎಡೆಗೊಡುವುದು ಸರಿಯಲ್ಲ. ಆದ್ದರಿಂದ ಪಾಠಾಂತರದ ಕಂಬಸಾಲಿನಲ್ಲಿ ಮುರಿಯುವಿಕೆಯನ್ನು ತಡೆದು, ಟಿಪ್ಪಣಿಯ ಕಂಬಸಾಲಿನಲ್ಲಿ ಅನುಮತಿಸಿದ್ದೇನೆ. ಈ ನಿರ್ಧಾರವನ್ನು ಅಚ್ಚಿನ ಮನೆಯವರು ತೆಗೆದುಕೊಳ್ಳಲಾರರು. ಪ್ರತಿಗಳನ್ನು ಕಣ್ಣಾರೆ ಓದಿದವರು ಮಾತ್ರ ತೆಗೆದುಕೊಳ್ಳಬಹುದಾದ ನಿರ್ಧಾರವಿದು.

4. ಕಂಬಸಾಲು ತೋರಿಸಿಕೊಡುವ ಸತ್ಯ

ಇದುವರೆಗೆ ತಪ್ಪನ್ನು ತಡೆಯುವ ದೃಷ್ಟಿಯಿಂದ ಕಂಬಸಾಲನ್ನು ನೋಡಿದೆವು. ಸರಿಯಾಗಿ ಹೊಂದಿಸಿದ ಕಂಬಸಾಲು ಹೊಸ ಸಂಗತಿಯನ್ನು ಕಾಣಿಸಲೂಬಲ್ಲದು. ನಮಗೆಲ್ಲ ಪರಿಚಿತವಾದ ಮಾತ್ರಾಷಟ್ಪದಿಗಳನ್ನೇ ತೆಗೆದುಕೊಳ್ಳೋಣ. 1, 2, 4, 5ನೆಯ ಪಾದಗಳು ಸಮ. 3 ಮತ್ತು 6ನೆಯ ಪಾದಗಳು ಅವುಗಳ ಒಂದೂವರೆಯಷ್ಟಿದ್ದು ಕೊನೆಗೆ ಒಂದು ಗುರು. ಆರು ಬಗೆಗಳ ಮಾತ್ರೆಗಳನ್ನು ವಾಡಿಕೆಯ ಕ್ರಮದಲ್ಲಿಯೇ ಜೋಡಿಸಿದರೆ ಹೀಗಾಗುತ್ತದೆ:

| ಷಟ್ಪದಿ | ಗಣದ ಮಾತ್ರೆ | 1, 2, 4, 5ನೆಯ ಪಾದ | 3, 6ನೆಯ ಪಾದ | ಪದ್ಯದ ಒಟ್ಟು ಮಾತ್ರೆ |
|:---|:---:|---:|---:|---:|
| ಶರ | 4 | 8 | 14 | 60 |
| ಕುಸುಮ | 5 | 10 | 17 | 74 |
| ಭೋಗ | 3 | 12 | 20 | 88 |
| ಭಾಮಿನಿ | 3 + 4 | 14 | 23 | 102 |
| ಪರಿವರ್ಧಿನಿ | 4 | 16 | 26 | 116 |
| ವಾರ್ಧಕ | 5 | 20 | 32 | 144 |

ಕೊನೆಯ ಕಂಬಸಾಲನ್ನು ಬಲಕ್ಕೆ ಹೊಂದಿಸಿ ಬಿಡಿಸ್ಥಾನದ ಕೆಳಗೆ ಬಿಡಿಸ್ಥಾನ, ಹತ್ತರ ಕೆಳಗೆ ಹತ್ತು ಬರುವಂತೆ ಮಾಡಿದರೆ, ಶರದಿಂದ ಪರಿವರ್ಧಿನಿಯವರೆಗೆ ಪ್ರತಿ ಹೆಜ್ಜೆಯಲ್ಲಿಯೂ 14 ಮಾತ್ರೆ ಏರುವುದೂ, ಪರಿವರ್ಧಿನಿಯಿಂದ ವಾರ್ಧಕಕ್ಕೆ ಒಮ್ಮೆಲೇ 28 ಏರುವುದೂ ಕಣ್ಣಿಗೆ ಬೀಳುತ್ತದೆ. ಕಾರಣವನ್ನು ಹುಡುಕಿದರೆ ಗಣಗಳ ಸಂಖ್ಯೆಯಲ್ಲಿ ಅದು ದೊರೆಯುತ್ತದೆ. ಶರ ಕುಸುಮಗಳಲ್ಲಿ ಎರಡು ಗುರುಗಳನ್ನು ಬಿಟ್ಟರೆ 14 ಗಣಗಳು. ಉಳಿದ ನಾಲ್ಕರಲ್ಲಿ 28 ಗಣಗಳು. ಶರದಿಂದ ಕುಸುಮಕ್ಕೆ ಗಣಕ್ಕೊಂದು ಮಾತ್ರೆ ಏರಿದಾಗ ಒಟ್ಟು 14 ಹೆಚ್ಚುತ್ತದೆ. 28 ಗಣಗಳ ಗುಂಪಿನಲ್ಲಿ ಗಣಕ್ಕೊಂದು ಮಾತ್ರೆ ಏರಿದರೆ 28 ಹೆಚ್ಚಬೇಕು. ಭೋಗಕ್ಕೂ ಪರಿವರ್ಧಿನಿಗೂ ನಡುವೆ ಇರುವ ಅಂತರ 28ನ್ನು ಮೂರು ನಾಲ್ಕು ಮಾತ್ರೆಗಳ ಗಣಗಳನ್ನು ಹೆಣೆಯುವ ಭಾಮಿನಿಯು ಸರಿಯಾಗಿ ಎರಡು ಹೋಳು ಮಾಡುತ್ತದೆ. ಕುಮಾರವ್ಯಾಸನು ಆಯ್ದ ಬಂಧವು ಮಾತ್ರೆಯ ಲೆಕ್ಕದಲ್ಲಿ ಭೋಗ ಪರಿವರ್ಧಿನಿಗಳ ನಟ್ಟನಡುವೆ ನಿಲ್ಲುವುದನ್ನೂ, ಲಕ್ಷ್ಮೀಶನು ಆಯ್ದ ವಾರ್ಧಕವು ಅವೆಲ್ಲವುಗಳಿಂದ ದೂರ ಸರಿದು ನಿಲ್ಲುವುದನ್ನೂ ಈ ಒಂದು ಕಂಬಸಾಲು ಕಾಣಿಸುತ್ತದೆ.

ಇದೇ ಕಂಬಸಾಲನ್ನು ಎಡಕ್ಕೆ ಹೊಂದಿಸಿದರೆ 102ರ ನೂರರ ಸ್ಥಾನದ 1, 88ರ ಹತ್ತರ ಸ್ಥಾನದ 8ರ ಕೆಳಗೆ ಬರುತ್ತದೆ. ಏರಿಕೆಯ ಕ್ರಮ ಮಸಕಾಗುತ್ತದೆ. ಸಂಖ್ಯೆಗಳು ಅವೇ, ಶಾಸ್ತ್ರವೂ ಅದೇ. ಓದುಗನಿಗೆ ಕಾಣಬೇಕಾದದ್ದು ಕಂಡಿತೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಘೋಷಣೆಯ ಸಾಲಿನ ಒಂದಕ್ಷರ. ನಮ್ಮ ಪ್ರಬಂಧಗಳಲ್ಲಿ ಸಂಖ್ಯೆಗಳ ಕಂಬಸಾಲುಗಳೆಲ್ಲ ನಡುವಿಗೆ ಹೊಂದಿಕೊಂಡಿರುವುದನ್ನು ನೋಡಿದಾಗ, ಅವುಗಳಲ್ಲಿ ಎಷ್ಟು ಕ್ರಮಗಳು ಕಾಣದೆ ಉಳಿದಿರಬಹುದೆಂಬ ಯೋಚನೆ ಬರುತ್ತದೆ.

5. ಎದುರಾಗುವ ಆಕ್ಷೇಪಗಳು

ಈ ವಿಚಾರವನ್ನು ಸಹಸಂಶೋಧಕರೊಡನೆ ಚರ್ಚಿಸಿದಾಗ ಕೆಲವು ಆಕ್ಷೇಪಗಳು ಬಂದಿವೆ. ಅವು ತಳ್ಳಿಹಾಕುವಂಥವಲ್ಲ.

ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳು ಪುಟದ ಅಡಿಯಲ್ಲಿ ಬರುತ್ತವೆ, ಕೋಷ್ಟಕ ಏಕೆ ಎಂಬುದು ಮೊದಲನೆಯದು. ಮುದ್ರಿತ ಸಂಪಾದಿತ ಕೃತಿಗೆ ಅಡಿಟಿಪ್ಪಣಿಯೇ ಸರಿ. ಆದರೆ ಪ್ರತಿಗಳ ಸಂಬಂಧವನ್ನು ವಾದಿಸಿ ಸ್ಥಾಪಿಸಬೇಕಾದ ಪ್ರಬಂಧದಲ್ಲಿ, ಒಂದು ಪ್ರತಿಯ ಎಲ್ಲ ದೋಷಗಳನ್ನು ಮೇಲಿನಿಂದ ಕೆಳಗೆ ಒಮ್ಮೆಗೆ ನೋಡುವ ಅವಕಾಶ ಓದುಗನಿಗೆ ಬೇಕು. ಅಡಿಟಿಪ್ಪಣಿಗಳು ಪುಟಪುಟಗಳಲ್ಲಿ ಚದುರಿಹೋಗುತ್ತವೆ. ಅವನ್ನು ಒಂದೆಡೆ ತರುವುದು ಕಂಬಸಾಲು.

ಎರಡನೆಯದಾಗಿ, ಸಾಮಾನ್ಯ ಪದಸಂಸ್ಕಾರಕ ತಂತ್ರಾಂಶಗಳಲ್ಲಿಯೂ ಕೋಷ್ಟಕ ರಚಿಸುವ ಸೌಲಭ್ಯವಿದೆಯಲ್ಲ ಎಂಬ ಮಾತು. ಇದು ನಿಜ. ಪ್ರತಿ ಪಾಠಕ್ಕೂ ಬೇರೆ ಕೋಶವನ್ನೇ ಬಳಸಿದ್ದರೆ ನನ್ನ ಪುಟದಲ್ಲಿಯೂ ಸಂಕೇತಗಳು ಜಾರುತ್ತಿರಲಿಲ್ಲ. ಲೇಟೆಕ್ ಬಳಸದವರು ಇಷ್ಟನ್ನಾದರೂ ಕಡ್ಡಾಯವಾಗಿ ಪಾಲಿಸಲಿ ಎಂಬುದು ನನ್ನ ವಿನಂತಿ. ಆದರೆ ಅಲ್ಲಿ ಕಂಬಸಾಲಿನ ಸ್ವಭಾವವು ಮೌಸಿನ ಚಲನೆಗಳಲ್ಲಿ ಅಡಗಿ ಹೋಗುತ್ತದೆ. ಲೇಟೆಕ್‌ನಲ್ಲಿ ಅದು ಬರಹದ ರೂಪದಲ್ಲಿ ಮೂಲ ಕಡತದಲ್ಲಿಯೇ ಉಳಿಯುತ್ತದೆ. ಮಾರ್ಗದರ್ಶಕರು ಅದನ್ನು ಓದಬಹುದು, ಪ್ರಶ್ನಿಸಬಹುದು, ತಿದ್ದಬಹುದು.

ಮೂರನೆಯದು ಅತ್ಯಂತ ಗಂಭೀರವಾದದ್ದು. ಲೇಟೆಕ್‌ನ ಆದೇಶಗಳೂ ದೋಷಸಂದೇಶಗಳೂ ಇಂಗ್ಲಿಷಿನಲ್ಲಿವೆ. ಕನ್ನಡ ಎಂ.ಎ. ಮುಗಿಸಿ ಬಂದ, ಅದರಲ್ಲಿಯೂ ಗ್ರಾಮಾಂತರ ಕಾಲೇಜುಗಳಿಂದ ಬಂದ ಸಂಶೋಧಕರಿಗೆ ಇದು ನಿಜವಾದ ಅಡ್ಡಿ. ನಾನೂ ಮೊದಲ ವಾರಗಳಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋದುದಕ್ಕೆ ಅರ್ಧ ದಿನ ತಡಕಾಡಿದವನೇ. ಆದರೆ ಈ ಭಾರವನ್ನು ಒಬ್ಬೊಬ್ಬರೂ ಹೊರಬೇಕಾಗಿಲ್ಲ. ಹೊಸ ಬಗೆಯ ಕಂಬಸಾಲನ್ನು ಒಮ್ಮೆ ವ್ಯಾಖ್ಯಾನಿಸಿ ಅದಕ್ಕೆ ಏಕಾಕ್ಷರದ ಹೆಸರು ಕೊಡುವ ಸೌಲಭ್ಯ ಅರೇ ಪ್ಯಾಕೇಜಿನಲ್ಲಿದೆ. ಎಡಹೊಂದಿಕೆ, ಮುರಿಯುವಿಕೆಯ ತಡೆ, ಓರೆಗೆರೆಯ ಅರ್ಥದ ಮರಳಿಕೆ ಎಲ್ಲವನ್ನೂ ಒಳಗೊಂಡ 'ಪಾಠಾಂತರದ ಕಂಬಸಾಲ'ನ್ನು ಬಲ್ಲವರೊಬ್ಬರು ಒಮ್ಮೆ ರೂಪಿಸಿಕೊಟ್ಟರೆ, ಉಳಿದವರು ಘೋಷಣೆಯಲ್ಲಿ ಆ ಒಂದಕ್ಷರವನ್ನು ಬರೆದರೆ ಸಾಕು. ಮುಂದೆ ಏನಾದರೂ ಬದಲಾಗಬೇಕಾದರೆ ವ್ಯಾಖ್ಯಾನವನ್ನು ಒಂದೆಡೆ ತಿದ್ದಿದರೆ ಪ್ರಬಂಧದ ಎಲ್ಲ ಕೋಷ್ಟಕಗಳೂ ಬದಲಾಗುತ್ತವೆ. ಹಲವು ಪುಟಗಳಿಗೆ ಹರಿಯುವ ಕೋಷ್ಟಕಕ್ಕೆ ಲಾಂಗ್‌ಟೇಬಲ್ ಎಂಬ ಪ್ಯಾಕೇಜಿದ್ದು, ಪ್ರತಿ ಪುಟದ ಮೇಲೂ ಕಂಬಸಾಲುಗಳ ಶೀರ್ಷಿಕೆಯನ್ನು ತಾನೇ ಮತ್ತೆ ಬರೆಯುತ್ತದೆ.

ಕಾಲದ ಅಭಾವವನ್ನು ಹೇಳುವವರಿಗೆ ನನ್ನ ಲೆಕ್ಕವನ್ನಷ್ಟೇ ಮುಂದಿಡಬಲ್ಲೆ. ಜಾರಿದ ಆ ಒಂದು ಪುಟವನ್ನು ಕಂಡ ಮೇಲೆ ಉಳಿದ ಪುಟಗಳನ್ನು ನಂಬುವಂತಿರಲಿಲ್ಲ. ಎಲ್ಲ ಕೋಷ್ಟಕಗಳನ್ನೂ ಟಿಪ್ಪಣಿ ಪುಸ್ತಕದೊಡನೆ ಸಾಲುಸಾಲಾಗಿ ತಾಳೆ ನೋಡಲು ಹದಿನೈದು ದಿನಗಳು ಹಿಡಿದವು. ಕಂಬಸಾಲು ಘೋಷಿಸುವುದನ್ನು ಕಲಿಯಲು ಅಷ್ಟು ದಿನ ಬೇಕಾಗಲಿಲ್ಲ.

6. ವಿಭಾಗಗಳು ಮಾಡಬಹುದಾದದ್ದು

2009ರ ಯು.ಜಿ.ಸಿ. ನಿಯಮಾವಳಿಯ ತರುವಾಯ ಪಿಎಚ್.ಡಿ. ಅಭ್ಯರ್ಥಿಗಳಿಗೆ ಕೋರ್ಸ್‌ವರ್ಕ್ ಕಡ್ಡಾಯವಾಯಿತು. ಅದರ ಸಂಶೋಧನ ವಿಧಾನದ ಪತ್ರಿಕೆಯಲ್ಲಿ ಉಲ್ಲೇಖ ಪದ್ಧತಿ, ಅಡಿಟಿಪ್ಪಣಿ, ಗ್ರಂಥಸೂಚಿಗಳನ್ನು ಬೋಧಿಸುವಂತೆ ಕೋಷ್ಟಕ ರಚನೆಯನ್ನೂ ಬೋಧಿಸುವುದು ಅಗತ್ಯವೆಂದು ನಾನು ಭಾವಿಸುತ್ತೇನೆ. ಯಾವ ದತ್ತಾಂಶಕ್ಕೆ ಯಾವ ಕಂಬಸಾಲು, ಯಾವುದನ್ನು ಮುರಿಯಬಹುದು, ಯಾವುದನ್ನು ಮುರಿಯಬಾರದು, ಖಾಲಿ ಕೋಶದ ಅರ್ಥವೇನು ಎಂಬ ಪ್ರಶ್ನೆಗಳು ಪಾಠಾಂತರದ ಪಟ್ಟಿಗೂ, ಉಪಭಾಷೆಗಳ ಪದಪಟ್ಟಿಗೂ, ಶಾಸನಗಳ ಕಾಲಾನುಕ್ರಮಣಿಗೂ ಸಮಾನವಾಗಿ ಅನ್ವಯಿಸುತ್ತವೆ. ಇವುಗಳ ಚರ್ಚೆಗೆ ಎರಡು ತರಗತಿಗಳು ಸಾಕು.

ಇದರ ಜೊತೆಗೆ, ಪಾಠಾಂತರ, ಛಂದಸ್ಸು, ಪದಪಟ್ಟಿ ಈ ಮೂರಕ್ಕೆ ಬೇಕಾದ ಕಂಬಸಾಲುಗಳನ್ನು ವ್ಯಾಖ್ಯಾನಿಸಿದ ಒಂದು ಮಾದರಿ ಕಡತವನ್ನು ವಿಭಾಗವೇ ಸಿದ್ಧಪಡಿಸಿ ವಿದ್ಯಾರ್ಥಿಗಳಿಗೆ ಕೊಡಬಹುದು. ಸಂಶೋಧನ ಪತ್ರಿಕೆಗಳು ಲೇಖನದೊಂದಿಗೆ ಕೋಷ್ಟಕದ ಮೂಲ ಕಡತವನ್ನೂ ಸ್ವೀಕರಿಸುವ ಪದ್ಧತಿಯನ್ನು ಆರಂಭಿಸಬಹುದು. ಸಾದಾ ಯೂನಿಕೋಡ್ ಪಠ್ಯವಾಗಿ ಉಳಿಯುವ ಆ ಕಡತವನ್ನು ಮುಂದಿನ ಸಂಶೋಧಕರು ತೆರೆದು, ತಮ್ಮ ಕೈಗೆ ಸಿಕ್ಕ ಐದನೆಯ ಹಸ್ತಪ್ರತಿಯ ಪಾಠಗಳನ್ನು ಸೇರಿಸಿ ಕೆಲಸವನ್ನು ಮುಂದುವರಿಸಬಹುದು. ಹಳೆಯ ಫಾಂಟುಗಳಲ್ಲಿ ಜೋಡಿಸಿದ ಎಷ್ಟು ಪ್ರಬಂಧಗಳ ಕಡತಗಳನ್ನು ನಾವಿಂದು ಹೀಗೆ ತೆರೆದು ಬಳಸಬಲ್ಲೆವು ಎಂಬುದನ್ನು ವಿದ್ವಾಂಸರೇ ಯೋಚಿಸಬೇಕು.

ಓಲೆಗರಿಯ ಲಿಪಿಕಾರನು ಪ್ರತಿ ಮಾಡುವಾಗ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿ ಪಾಠವು ಲುಪ್ತವಾಗುವುದನ್ನು ನಾವು ಲಿಪಿಕಾರದೋಷವೆಂದು ಗುರುತಿಸಿ, ವರ್ಗೀಕರಿಸಿ, ಅದರ ಮೇಲೆ ವಾದಗಳನ್ನು ಕಟ್ಟುತ್ತೇವೆ. ನಮ್ಮದೇ ಕೋಷ್ಟಕದಲ್ಲಿ ಒಂದು ಸಾಲು ಜಾರಿದರೆ ಅದು ಯಾರ ದೋಷ? ಅಚ್ಚಿನ ಮನೆಯ ಮೇಲೆ ಅದನ್ನು ಹೊರಿಸಿ ಸುಮ್ಮನಾಗಲು ನನಗೆ ಮನಸ್ಸು ಒಪ್ಪಲಿಲ್ಲ. ಆ ಪುಟದ ಮೇಲೆ ಇದ್ದದ್ದು ನನ್ನ ಹೆಸರು.